ಪದ ಪರಿಚಯ: ಬೆನ್ನುಹುರಿ, ಮತ್ತದರ ಎಂಆರ್‌ಐ

‘ಬೆನ್ನುಹುರಿ ಮುರಿತ’ ಎಂದು ಸುದ್ದಿಯಲ್ಲಿ ಬರುತ್ತದೆ. ‘ಬೆನ್ನುಹುರಿ ಸವೆತಕ್ಕೆ ಶಾಶ್ವತ ಪರಿಹಾರ’ ಎಂದು ಗೋಡೆಯ ಮೇಲೆ ಬರೆದಿರುತ್ತದೆ. ಈಚೆಗೆ ‘ಬೆನ್ನುಹುರಿಯ ಸಮಸ್ಯೆಗೆ ಅಡ್ವಾನ್ಸ್ಡ್ ಎಂಆರ್‌ಐ’ ಎಂಬ ಜಾಹೀರಾತೂ ಸೇರಿಕೊಂಡಿದೆ, ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ನಿಂತವರ ಚಿತ್ರ. ಮೂರರಲ್ಲೂ ಹೇಳಹೊರಟಿರುವುದು ಬೆನ್ನುಮೂಳೆಯ ವಿಷಯ. ಬೆನ್ನುಹುರಿ ಎಂದರೆ ಮೂಳೆಯಲ್ಲ, ಮಿದುಳಿನಿಂದ ಇಳಿದು ಬೆನ್ನುಮೂಳೆಯ ಒಳಗೆ ಸಾಗುವ ನರಗಳ ಕಟ್ಟು, ಇಂಗ್ಲಿಷಿನ ‘ಸ್ಪೈನಲ್ ಕಾರ್ಡ್’. ಮುರಿಯುವುದು ಕಶೇರುಕ, ಅಂದರೆ ಬೆನ್ನುಮೂಳೆಯ ಬಿಡಿ ಎಲುಬು; ಸವೆಯುವುದು ಎರಡು ಕಶೇರುಕಗಳ ನಡುವಿನ ಮೆತ್ತೆಯಾದ ಡಿಸ್ಕು ಮತ್ತು ಕೀಲು. ಹುರಿ ಮುರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಅದು ಜಜ್ಜುತ್ತದೆ, ಒತ್ತಿಗೆ ಸಿಕ್ಕಿ ಚಪ್ಪಟೆಯಾಗುತ್ತದೆ, ಊದುತ್ತದೆ, ರಕ್ತ ಸಿಗದೆ ಸಾಯುತ್ತದೆ, ಸೊರಗಿ ತೆಳ್ಳಗಾಗುತ್ತದೆ.

ತಪ್ಪಿನಲ್ಲಿ ಒಂದಿಷ್ಟು ಪಾಲು ‘ಹುರಿ’ ಎಂಬ ಪದದ್ದೇ. ಹಳಗನ್ನಡದ ‘ಪುರಿ’ಯ ಪಕಾರ ಹಕಾರವಾಗಿ ಇದು ‘ಹುರಿ’ ಆಯಿತು, ಪಾಲು ಹಾಲಾದ ಹಾಗೆ. ತಮಿಳು, ತೆಲುಗಿನಲ್ಲಿ ಇಂದಿಗೂ ‘ಪುರಿ’, ಮಲಯಾಳದಲ್ಲಿ ‘ಪಿರಿ’. ಎಲ್ಲ ಕಡೆಯೂ ಮೂಲಾರ್ಥ ತಿರುಚುವುದು, ಹೊಸೆಯುವುದು. ತೆಂಗಿನ ನಾರನ್ನು ಹೊಸೆದರೆ ಹುರಿಹಗ್ಗ, ಮೀಸೆಯನ್ನು ತಿರುವಿದರೆ ಹುರಿಮೀಸೆ. ಹೊಸೆದ ಎಳೆ ಬಿಡಿ ಎಳೆಗಿಂತ ಗಟ್ಟಿ; ಅಲ್ಲಿಂದಲೇ ಹುರಿಗಟ್ಟಿದ ಮೈ, ಹುರಿಗೊಳಿಸು, ಹುರಿಯಾಳು ಎಲ್ಲ ಬಂದವು. (ಕಡಲೆ ಹುರಿಯುವ ಹುರಿಯ ಬೇರು ಬೇರೆಯದು.) ಹೀಗಾಗಿ ‘ಬೆನ್ನುಹುರಿ’ ಎಂದ ಕೂಡಲೇ ಕನ್ನಡದ ಕಿವಿಗೆ ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಏನೋ ಗಟ್ಟಿಯಾದದ್ದು ಎಂದು ಕೇಳಿಸುತ್ತದೆ. ಅದು ಗಟ್ಟಿಯಲ್ಲ, ಮಿದುಳಿನಷ್ಟೇ ಮೆತ್ತಗಿನ ಅಂಗಾಂಶ. ಹೊಸೆದದ್ದೂ ಅಲ್ಲ, ಅದರ ಬಿಳಿಭಾಗದ ನರತಂತುಗಳು ಬಹುಪಾಲು ಉದ್ದಕ್ಕೆ, ಒಂದರ ಪಕ್ಕ ಒಂದು ಸಾಗುತ್ತವೆ. ಶಾಲೆಯ ಪಠ್ಯದ ‘ಮಿದುಳುಬಳ್ಳಿ’ ಈ ದೃಷ್ಟಿಯಿಂದ ಎಷ್ಟೋ ಮೇಲು: ಮಿದುಳಿನಿಂದ ಇಳಿದದ್ದು, ಬಳ್ಳಿಯಂತೆ ಮೆದು. ಆದರೆ ಪರೀಕ್ಷೆ ಬರೆದು ಮುಗಿಸಿದವರು ಯಾರೂ ಆ ಪದವನ್ನು ಬಳಸುವುದಿಲ್ಲ. ವಿಚಿತ್ರವೆಂದರೆ ಭಾಷಣಕಾರರು ಮಾತ್ರ ಎಡವುವುದಿಲ್ಲ. ರೈತ ದೇಶದ ಬೆನ್ನೆಲುಬು ಎನ್ನುತ್ತಾರೆಯೇ ಹೊರತು ದೇಶದ ಬೆನ್ನುಹುರಿ ಎಂದವರನ್ನು ಕೇಳಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ: ಹುರಿ ಬೆನ್ನಿನ ತುದಿಯವರೆಗೆ ಇಳಿಯುವುದಿಲ್ಲ. ಉದ್ದ ಸುಮಾರು 45 ಸೆಂ.ಮೀ. ವಯಸ್ಕರಲ್ಲಿ ಸಾಮಾನ್ಯವಾಗಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುಕದ ಹತ್ತಿರ, ಎಲ್1–ಎಲ್2 ಮಟ್ಟದಲ್ಲಿ, ಅದು ಮುಗಿದೇಹೋಗುತ್ತದೆ. ಅದರ ಕೆಳಗೆ ಇರುವುದು ಕುದುರೆಬಾಲದಂತೆ ಇಳಿಬಿದ್ದ ನರಬೇರುಗಳು. ವೈದ್ಯರು ಲ್ಯಾಟಿನ್‌ನಲ್ಲಿ ‘ಕಾಡಾ ಇಕ್ವೈನಾ’ ಎನ್ನುವುದರ ಅರ್ಥವೂ ಕುದುರೆಬಾಲವೇ. ಎಲ್4–ಎಲ್5ರ ಡಿಸ್ಕ್ ಎಷ್ಟೇ ಹೊರಚಾಚಿದರೂ ಹುರಿಯನ್ನು ಒತ್ತಲಾರದು, ಏಕೆಂದರೆ ಅಲ್ಲಿ ಹುರಿಯೇ ಇಲ್ಲ. ಸಿಸೇರಿಯನ್ ಆದವರು ‘ಬೆನ್ನುಹುರಿಗೆ ಇಂಜೆಕ್ಷನ್ ಕೊಟ್ಟರು’ ಎಂದು ವರ್ಷಗಟ್ಟಲೆ ಹೇಳುತ್ತಿರುತ್ತಾರೆ. ಸೂಜಿಯನ್ನು ಎಲ್3–ಎಲ್4ರ ಆಸುಪಾಸಿನಲ್ಲಿ ಹಾಕುವುದೇ ಹುರಿಗೆ ತಾಗಬಾರದೆಂದು. ಮದ್ದು ಸೇರುವುದು ನರಬೇರುಗಳ ಸುತ್ತಲಿನ ದ್ರವಕ್ಕೆ.

ಎಂಆರ್‌ಐ ವರದಿಯ ‘ಥೀಕಲ್ ಸ್ಯಾಕ್ ಇಂಡೆಂಟೇಶನ್’ ಎಂಬ ಸಾಲೂ ಇದೇ ಗೊಂದಲಕ್ಕೆ ಸಿಕ್ಕಿದೆ. ಮನೆಗೆ ಬರುವಷ್ಟರಲ್ಲಿ ಅದು ‘ಬೆನ್ನುಹುರಿ ಒತ್ತಿಬಿಟ್ಟಿದೆಯಂತೆ’ ಎಂದಾಗಿರುತ್ತದೆ. ಥೀಕಲ್ ಸ್ಯಾಕ್ ಎಂದರೆ ದ್ರವ ತುಂಬಿದ ಹೊರಚೀಲ. ಅದು ಹುರಿ ಮುಗಿದ ಮೇಲೂ ಸುಮಾರು ಎಸ್2ವರೆಗೆ (ಸೊಂಟದ ಕೆಳಗಿನ ತ್ರಿಕಾಸ್ಥಿಯ ಎರಡನೆಯ ಕಶೇರುಕ) ಇಳಿಯುತ್ತದೆ. ಚೀಲಕ್ಕೆ ತುಸು ತಗ್ಗು ಬಿದ್ದಿದೆ ಎಂಬುದು ತೀರ ಸಾಮಾನ್ಯ. ಹುರಿಗೆ ಒತ್ತು ಬಿದ್ದಿದ್ದರೆ ವರದಿ ‘ಕಾರ್ಡ್ ಕಂಪ್ರೆಶನ್’ ಎನ್ನುತ್ತದೆ. ಹುರಿಯ ಒಳಗೇ ಬದಲಾವಣೆ ಕಂಡಿದ್ದರೆ ‘ಕಾರ್ಡ್ ಸಿಗ್ನಲ್ ಚೇಂಜ್’ ಎನ್ನುತ್ತದೆ. ಹುರಿಯ ಕಾಯಿಲೆ ಮೈಲೋಪತಿ, ನರಬೇರಿನದು ರ‍್ಯಾಡಿಕ್ಯುಲೋಪತಿ. ಸೊಂಟದಿಂದ ಕಾಲಿಗೆ ಸೆಳೆಯುವ ನೋವು ಎರಡನೆಯದು.

ಈಗ ‘ಅಡ್ವಾನ್ಸ್ಡ್’. ದೊಡ್ಡ ಯಂತ್ರ, 3 ಟೆಸ್ಲಾ (ಯಂತ್ರದ ಕಾಂತಬಲದ ಅಳತೆ), ಹೊಸ ಕಟ್ಟಡ: ಇವು ಯಾವುವೂ ಇದರ ಅರ್ಥವಲ್ಲ. ಮಾಮೂಲಿ ಎಂಆರ್‌ಐ ಆಕಾರವನ್ನೂ ಬಿಳಿ–ಕಪ್ಪನ್ನೂ ತೋರಿಸುತ್ತದೆ: ಉದ್ದಕೊಯ್ತದಲ್ಲಿ ಟಿ1, ಟಿ2 (ನೀರು ಬಿಳಿಯಾಗಿ ಕಾಣುವುದು), ಸ್ಟಿರ್ (ಕೊಬ್ಬನ್ನು ಅಳಿಸಿದ್ದು) ಎಂಬ ಬಗೆಯ ಚಿತ್ರಗಳು, ಅಡ್ಡಕೊಯ್ತದಲ್ಲಿ ಟಿ2, ಪದರ ಸುಮಾರು 3 ಮಿ.ಮೀ. ದಪ್ಪ. ಬೇಕಿದ್ದರೆ ರಕ್ತನಾಳಕ್ಕೆ ಕೊಡುವ ಗ್ಯಾಡೋಲಿನಿಯಮ್ ಎಂಬ ಕಾಂಟ್ರಾಸ್ಟ್ ಮದ್ದು. ಬಹುತೇಕ ರೋಗಿಗಳಿಗೆ ಇಷ್ಟು ಸಾಕು, ಮತ್ತು ಇದನ್ನೇ ಚೆನ್ನಾಗಿ ಮಾಡಿದರೆ ಸಿಗುವ ಮಾಹಿತಿ ಕಡಿಮೆಯೇನಲ್ಲ. ಟಿ2ದ ಬಿಳಿ ಕಲೆ ಮೂರು ಅಥವಾ ಹೆಚ್ಚು ಕಶೇರುಕಗಳುದ್ದ ಹಬ್ಬಿ ಹುರಿಯ ನಡುವೆ ಕೂತಿದ್ದರೆ ನ್ಯೂರೋಮೈಲೈಟಿಸ್ ಆಪ್ಟಿಕಾದ (ಕಣ್ಣಿನ ನರಕ್ಕೂ ಹುರಿಗೂ ಬರುವ ಉರಿಯೂತ) ಗುಮಾನಿ, ಅದಕ್ಕೆ ಅಕ್ವಾಪೊರಿನ್–4 ಪ್ರತಿಕಾಯದ ರಕ್ತಪರೀಕ್ಷೆ. ಎರಡಕ್ಕಿಂತ ಕಡಿಮೆ ಕಶೇರುಕದಷ್ಟು ಗಿಡ್ಡವಿದ್ದು ಅಂಚಿಗೆ ವಾಲಿದ್ದರೆ ಮೈಲಿನ್ (ನರತಂತುವಿನ ಹೊದಿಕೆ) ಕಳಚುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಡೆಗೆ ಕಣ್ಣು. ಅಡ್ಡಕೊಯ್ತದಲ್ಲಿ ಹಿಂಭಾಗದ ಪಟ್ಟಿಗಳು ತಲೆಕೆಳಗಾದ ‘ವಿ’ಯಂತೆ ಬೆಳಗಿದರೆ ಮೊದಲು ವಿಟಮಿನ್ ಬಿ12 ಕೊರತೆ ಇದೆಯೇ ನೋಡಬೇಕು. ಮುಂಭಾಗದಲ್ಲಿ ಗೂಬೆಗಣ್ಣಿನ ಹಾಗೆ ಎರಡು ಚುಕ್ಕೆ, ಜೊತೆಗೆ ಹಠಾತ್ತನೆ ಬಂದ ಕಾಲಿನ ಸೋಲು ಎಂದರೆ ಹುರಿಗೆ ರಕ್ತ ಹರಿಯುವುದು ನಿಂತಿರಬಹುದು. ಹುರಿ ಊದಿ, ಅದರ ಬೆನ್ನಿಗೆ ಹುಳು ಹರಿದಂತೆ ಕಪ್ಪು ರಕ್ತನಾಳಗಳು ಕಂಡರೆ ಡ್ಯೂರಲ್ ಫಿಸ್ಟುಲಾ, ಅಂದರೆ ಹುರಿಯ ಹೊರಪೊರೆಯಲ್ಲಿ ಅಪಧಮನಿ ನೇರವಾಗಿ ಅಭಿಧಮನಿಗೆ ಕೂಡಿಕೊಂಡದ್ದು. ಇದನ್ನು ಗುರುತಿಸದೆ ಉರಿಯೂತವೆಂದು ಸ್ಟಿರಾಯ್ಡ್ ಕೊಟ್ಟರೆ ಕಾಲು ಇನ್ನಷ್ಟು ಸೋಲಬಹುದು.

ಬಿಳಿ ಕಲೆ ಎಲ್ಲಿದೆ ಎಂದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಅಲ್ಲಿ ಮಾಮೂಲಿ ಎಂಆರ್‌ಐ ನಿಲ್ಲುತ್ತದೆ. ಊತ, ಮೈಲಿನ್ ಹೋದದ್ದು, ಗಾಯದ ಕಲೆ, ಕೊಳೆತ ಅಂಗಾಂಶ: ಟಿ2ದಲ್ಲಿ ಎಲ್ಲವೂ ಬಿಳಿಯೇ. ಅಡ್ವಾನ್ಸ್ಡ್ ಎಂಬುದು ಬಣ್ಣ ಬಿಟ್ಟು ಅಳತೆಗೆ ಇಳಿಯುವ ವಿಧಾನಗಳ ಒಟ್ಟು ಹೆಸರು. ಡಿಟಿಐ (ಡಿಫ್ಯೂಶನ್ ಟೆನ್ಸರ್ ಇಮೇಜಿಂಗ್) ನೀರಿನ ಕಣಗಳು ಯಾವ ದಿಕ್ಕಿಗೆ ಸುಲಭವಾಗಿ ಸರಿಯುತ್ತವೆ ಎಂದು ಅಳೆಯುತ್ತದೆ. ತಂತುಗಳು ಸರಿಯಿದ್ದರೆ ನೀರು ಉದ್ದಕ್ಕೆ ಹರಿಯುತ್ತದೆ, ಹಾಳಾದರೆ ಎಲ್ಲ ಕಡೆಗೂ. ಎಫ್‌ಎ (ಫ್ರ್ಯಾಕ್ಷನಲ್ ಅನೈಸಾಟ್ರೊಪಿ) ಎಂಬ ಅಂಕಿ ಇದನ್ನೇ 0ಯಿಂದ 1ರೊಳಗೆ ಹೇಳುತ್ತದೆ: ಒಂದೇ ದಿಕ್ಕಿಗೆ ಹರಿದಷ್ಟೂ 1ಕ್ಕೆ ಹತ್ತಿರ. ಕತ್ತಿನಲ್ಲಿ ಹುರಿ ಒತ್ತಿಕೊಂಡವರಲ್ಲಿ ಟಿ2 ಬಿಳಿಯಾಗುವ ಮೊದಲೇ ಎಫ್‌ಎ ಇಳಿದಿರುವುದುಂಟು. ಮ್ಯಾಗ್ನೆಟೈಸೇಶನ್ ಟ್ರಾನ್ಸ್‌ಫರ್ ಮತ್ತು ಮೈಲಿನ್ ವಾಟರ್ ಅಳತೆಗಳು ಮೈಲಿನ್‌ನ ಕಡೆಗೆ ಬೆರಳು ತೋರಿಸುತ್ತವೆ. ಟಿ2* ಚಿತ್ರದಲ್ಲಿ ಒಳಗಿನ ಬೂದುಭಾಗ ಚಿಟ್ಟೆಯ ಆಕಾರದಲ್ಲಿ ಬೇರೆಯಾಗಿ ಕಾಣುತ್ತದೆ. ಅಡ್ಡಕೊಯ್ತದ ವಿಸ್ತೀರ್ಣವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಹುರಿ ಸೊರಗುತ್ತಿರುವುದು ತಿಳಿಯುತ್ತದೆ.

ಕೇಳಲು ಚೆಂದ, ಮಾಡಲು ತೊಡಕು. ಕತ್ತಿನಲ್ಲಿ ಹುರಿ ಸುಮಾರು 13 ಮಿ.ಮೀ. ಅಗಲ, ಮುಂದಿನಿಂದ ಹಿಂದಕ್ಕೆ ಸುಮಾರು 8 ಮಿ.ಮೀ. ಒಂದೊಂದು ಚಿತ್ರಬಿಂದು 1 ಮಿ.ಮೀ. ಎಂದುಕೊಂಡರೂ ಅಂಚಿನ ಬಿಂದುಗಳಲ್ಲಿ ಸುತ್ತಲ ದ್ರವ ಬೆರೆತು ಎಫ್‌ಎ ಸುಳ್ಳಾಗಿ ಇಳಿಯುತ್ತದೆ. ಹೃದಯದ ಪ್ರತಿ ಬಡಿತಕ್ಕೂ ದ್ರವ ಮಿಡಿಯುತ್ತದೆ, ಹುರಿ ಅಲುಗುತ್ತದೆ. ಅದಕ್ಕೇ ನಾಡಿಗೆ ಹೊಂದಿಸಿ ಚಿತ್ರ ತೆಗೆಯುವುದು. ಎಂಜಲು ನುಂಗಿದರೆ ಕತ್ತಿನ ಚಿತ್ರ ಮಸುಕು. ಗಂಟಲಿನ ಮೇಲೆ, ಅಲ್ಲಿಂದ ಬರುವ ಸಂಕೇತವನ್ನು ಅಳಿಸುವ ಸ್ಯಾಚುರೇಶನ್ ಪಟ್ಟಿ ಹಾಕಿರಬೇಕು. ಮೂಳೆ, ಗಾಳಿ, ಮೃದು ಅಂಗಾಂಶ ಒಂದರ ಪಕ್ಕ ಒಂದು ಇರುವುದರಿಂದ ಕಾಂತಕ್ಷೇತ್ರ ಸೊಟ್ಟಗಾಗಿ ಡಿಟಿಐ ಚಿತ್ರ ಹಿಗ್ಗಿ ಕುಗ್ಗುತ್ತದೆ. ಬೆನ್ನುಮೂಳೆಗೆ ಸ್ಕ್ರೂ ಹಾಕಿಸಿಕೊಂಡವರಲ್ಲಿ ಇದು ಇಮ್ಮಡಿ ಪಾಡು. ಟೈಟೇನಿಯಮ್ ಆದರೆ ಹೇಗೋ ನಡೆಯುತ್ತದೆ, ಸ್ಟೀಲ್ ಆದರೆ ಅಷ್ಟು ಭಾಗ ಕಪ್ಪುಗುಂಡಿ. ಇಂಥವರಿಗೆ ಜಾಹೀರಾತಿನ 3 ಟೆಸ್ಲಾಕ್ಕಿಂತ ಹಳೆಯ 1.5 ಟೆಸ್ಲಾ ಯಂತ್ರವೇ ಮೇಲು: ಕ್ಷೇತ್ರ ಹೆಚ್ಚಿದಷ್ಟೂ ಲೋಹದ ಕಾಟ ಹೆಚ್ಚು. ಚಿತ್ರದಿಂದ ಕೊಬ್ಬಿನ ಬಿಳುಪು ತೆಗೆಯಲೂ ಅಲ್ಲಿ ಫ್ಯಾಟ್–ಸ್ಯಾಟ್ ಎಂಬ ವಿಧಾನ ಬಿಟ್ಟು ಸ್ಟಿರ್ ಬಳಸಬೇಕು.

ಮಾಮೂಲಿ ಚಿತ್ರಕ್ಕೂ ತನ್ನದೇ ಮೋಸವಿದೆ. ಬಿಂದುಗಳು ಒರಟಾಗಿದ್ದರೆ ಹುರಿಯ ನಡುವೆ ಉದ್ದಕ್ಕೂ ತೆಳುಗೆರೆಯೊಂದು ಮೂಡಿ, ಒಳಗೆ ನೀರು ತುಂಬಿದ ಸಿರಿಂಕ್ಸ್‌ನಂತೆ ಕಾಣುತ್ತದೆ. ಅಡ್ಡಕೊಯ್ತದಲ್ಲಿ ಅದು ಕಾಣದಿದ್ದರೆ ನಂಬಬಾರದು.

ಯಂತ್ರದಿಂದ ಯಂತ್ರಕ್ಕೆ ಎಫ್‌ಎ ಬದಲಾಗುತ್ತದೆ, ವಯಸ್ಸಿಗೂ ಹುರಿಯ ಮಟ್ಟಕ್ಕೂ ಬದಲಾಗುತ್ತದೆ. ಈ ಗೋಜಲು ಬಿಡಿಸಲೆಂದೇ 2021ರಲ್ಲಿ ‘ಸ್ಪೈನ್ ಜೆನೆರಿಕ್’ ಎಂಬ ಮುಕ್ತ ವಿಧಾನಸೂತ್ರ ಪ್ರಕಟವಾಯಿತು. ಜಿಇ, ಫಿಲಿಪ್ಸ್, ಸೀಮೆನ್ಸ್ ಮೂರೂ ಕಂಪನಿಗಳ 3 ಟೆಸ್ಲಾ ಯಂತ್ರಗಳಲ್ಲಿ ಒಂದೇ ಬಗೆಯಲ್ಲಿ ಹುರಿಯನ್ನು ಅಳೆಯುವ ಕ್ರಮ ಅದರಲ್ಲಿದೆ. ಅಂಥ ಕ್ರಮಕ್ಕೆ ಕಟ್ಟುಬೀಳದ ಕಡೆ ಬಂದ ‘ಎಫ್‌ಎ 0.5’ ಎಂಬ ಒಂಟಿ ಅಂಕಿಗೆ ಬೆಲೆಯಿಲ್ಲ. ಇನ್ನು ಕೆಂಪು, ನೀಲಿ, ಹಸಿರು ಎಳೆಗಳು ಹರಿಯುವ ಆ ಡಿಟಿಐ ಚಿತ್ರಗಳು! ಹೊಸೆದ ಹುರಿಯ ಹಾಗೇ ಕಾಣುವುದರಿಂದ ಜನ ನಂಬಿಬಿಡುತ್ತಾರೆ. ಅವು ನರಗಳ ಫೋಟೊ ಅಲ್ಲ, ಅಳತೆಗಳನ್ನು ಹಿಡಿದು ತಂತ್ರಾಂಶ ಎಳೆದ ಗೆರೆಗಳು. ಗೆರೆ ತುಂಡಾಗಿ ಕಂಡಿತೆಂದರೆ ತಂತು ತುಂಡಾಗಿದೆ ಎಂದಾಗದು.

ಪದದ ಗೊಂದಲಕ್ಕೆ ರೋಗಿ ತೆರುವ ಬೆಲೆ ಸ್ಕ್ಯಾನ್ ಮಾಡಿಸಲು ವೈದ್ಯರು ಬರೆಯುವ ಚೀಟಿಯಲ್ಲಿ ಕಾಣಸಿಗುತ್ತದೆ. ಕಾಲು ಬಿಗಿಯಾಗಿ ಕೋಲಿನಂತಾಗಿದೆ, ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ಮೂತ್ರ ತಡೆಯಲಾಗದು. ಇವು ಹುರಿಯ ಲಕ್ಷಣ. ಕಾಲಿನ ತೊಂದರೆಯೆಂದು ಸೊಂಟದ ಎಂಆರ್‌ಐ ಮಾಡಿಸುತ್ತಾರೆ. ಅಲ್ಲಿ ವಯಸ್ಸಿಗೆ ತಕ್ಕ ಡಿಸ್ಕ್ ಉಬ್ಬು ಸಿಕ್ಕೇ ಸಿಗುತ್ತದೆ, ಅದಕ್ಕೇ ಚಿಕಿತ್ಸೆ ಶುರು. ಕಾಯಿಲೆ ಕತ್ತಿನಲ್ಲೋ ಎದೆಯ ಮಟ್ಟದಲ್ಲೋ ಕೂತಿರುತ್ತದೆ. ಬೆರಳು ತಡವರಿಸುತ್ತಿದ್ದರೆ ಕತ್ತು. ಕೈ ಚೆನ್ನಾಗಿದ್ದು ಕಾಲು ಮಾತ್ರ ಬಿಗಿಯಾಗಿದ್ದರೆ ಕತ್ತು, ಎದೆ ಎರಡನ್ನೂ ನೋಡಬೇಕು. ಚರ್ಮದ ಮೇಲೆ ಮರಗಟ್ಟಿದ ಗೆರೆ ಹೊಕ್ಕುಳ ಮಟ್ಟದಲ್ಲಿದೆ ಎಂದರೆ ಹುರಿಯ ಡಿ10 (ಎದೆಭಾಗದ ಹತ್ತನೆಯ) ಖಂಡ. ಹುರಿ ಮೂಳೆಗಿಂತ ಗಿಡ್ಡವಾದ್ದರಿಂದ ಆ ಖಂಡ ಡಿ10 ಕಶೇರುಕಕ್ಕಿಂತ ಮೇಲೆಯೇ ಇರುತ್ತದೆ, ಒತ್ತು ಇನ್ನೂ ಮೇಲಿದ್ದರೂ ಇರಬಹುದು. ಚೀಟಿಯಲ್ಲಿ ಬರೀ ‘ಎಂಆರ್‌ಐ ಸ್ಪೈನ್’ ಎಂದಿದ್ದರೆ ತಂತ್ರಜ್ಞರು ಸೊಂಟವನ್ನೇ ತೆಗೆದು ಕಳಿಸುವ ಸಾಧ್ಯತೆ ಹೆಚ್ಚು. ಕತ್ತೋ, ಎದೆಯೋ, ಸೊಂಟವೋ ಎಂಬುದರ ಜೊತೆಗೆ ‘ಹುರಿಯ ಕಾಯಿಲೆಯ ಗುಮಾನಿ, ಇಡೀ ಬೆನ್ನಿನ ಸ್ಕ್ರೀನಿಂಗ್ ಸಹಿತ’ ಎಂದು ಬರೆಸಿಕೊಳ್ಳಬೇಕು. ಆ ಸ್ಕ್ರೀನಿಂಗ್ ಇದ್ದರೆ ಕಶೇರುಕಗಳನ್ನು ಕತ್ತಿನಿಂದ ಕೆಳಕ್ಕೆ ಎಣಿಸಬಹುದು. ಸೊಂಟದಲ್ಲಿ ಐದರ ಬದಲು ನಾಲ್ಕೋ ಆರೋ ಇರುವವರಲ್ಲಿ ಮಟ್ಟ ತಪ್ಪಾಗುವುದು ಅದಿಲ್ಲದಾಗಲೇ.