ಪಾಳುಕೋಟೆ ಕಂಡ ಕೂಡಲೇ ‘ದುಃಖ’ ಅನ್ನಬೇಡಿ

ಶಿವಮೊಗ್ಗದಲ್ಲಿ ನಾನು ಚಿತ್ರಕಲೆ ಹೇಳಿಕೊಡುವ ಮಕ್ಕಳಿಗೆ ಹಳೆಯ ಕೋಟೆಯ ಚಿತ್ರ ತೋರಿಸಿದರೆ ಸಿದ್ಧ ಉತ್ತರ ಬರುತ್ತದೆ. ಕೋಟೆ ಅಂದ್ರೆ ಅಧಿಕಾರ, ಪಾಳುಬಿದ್ದರೆ ಸಾವು, ಮೋಡ ಅಂದ್ರೆ ದುಃಖ. ಗೈಡ್ ಓದಿ ಪರೀಕ್ಷೆ ಬರೆಯೋ ಅಭ್ಯಾಸ, ಏನು ಮಾಡೋದು! ಸಂಕೇತ ಆಮೇಲೆ ಹುಡುಕಿ, ಮೊದಲು ಬೆಳಕು ಎಲ್ಲಿಂದ ಬರ್ತಿದೆ ನೋಡಿ ಅಂತೀನಿ.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1829ರಲ್ಲಿ ಪ್ರದರ್ಶಿಸಿದ ಹ್ಯಾಡ್ಲಿ ಕೋಟೆಯ ಚಿತ್ರವನ್ನೇ ತೆಗೆದುಕೊಳ್ಳಿ. ಥೇಮ್ಸ್ ನದಿ ಕಡಲು ಸೇರುವ ಕಡೆ, ಗುಡ್ಡದ ಮೇಲೆ ಮುರಿದ ಬುರುಜುಗಳು. ಎಡಗಡೆಯದು ಉದ್ದಕ್ಕೂ ಸೀಳಿದೆ. ಕೆಳಗೆ ನಾಯಿ ಜೊತೆ ಒಬ್ಬ ಪುಟ್ಟ ಕುರುಬ. ಕಾನ್‌ಸ್ಟೆಬಲ್ ಈ ಕೋಟೆಯನ್ನು ಪೆನ್ಸಿಲ್‌ನಲ್ಲಿ ಗೀಚಿಕೊಂಡಿದ್ದು 1814ರಲ್ಲಿ, ಮದುವೆಗೂ ಮುಂಚೆ. ಹೆಂಡತಿ ಮರಿಯಾ 1828ರ ನವೆಂಬರ್‌ನಲ್ಲಿ ಕ್ಷಯದಿಂದ ತೀರಿಕೊಂಡಳು. ಆ ಹಳೇ ಗೀಚು ನಾಲ್ಕಡಿ ಎತ್ತರದ ಕ್ಯಾನ್ವಾಸ್ ಆಗಿದ್ದು ಅದಾದ ಮೇಲೆ.

ಹಾಗಾದ್ರೆ ದುಃಖವೇ ಅಲ್ವಾ? ಇದೆ. ಆದರೆ ಆಕಾಶ ನೋಡಿ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೋಡ ಒಡೆದು ಹೊಳವಾಗುತ್ತಿದೆ, ಸಂದಿಯಿಂದ ಬಿಸಿಲುಕೋಲು ಕಡಲಿಗೆ ಇಳಿದಿದೆ. ಚಿತ್ರದ ಪೂರ್ತಿ ಹೆಸರಿನಲ್ಲೇ ‘ಬಿರುಗಾಳಿಯ ರಾತ್ರಿ ಕಳೆದ ಬೆಳಿಗ್ಗೆ’ ಅಂತಿದೆ. ಹತ್ತಿರದಿಂದ ನೋಡಿದರೆ ಬಣ್ಣ ನಯವಾಗಿ ಕೂತಿಲ್ಲ. ಹುಲ್ಲು, ಕಲ್ಲಿನ ಮೇಲೆಲ್ಲ ಬಿಳಿ ಚುಕ್ಕೆ ಎರಚಿದ ಹಾಗಿದೆ. ನನಗಂತೂ ಇಲ್ಲಿ ಅಳುವಿಗಿಂತ ಚಡಪಡಿಕೆ ಜಾಸ್ತಿ ಕಾಣುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವೂ ಪಾಳುಕೋಟೆಯೇ. ಕೆಳದಿ ನಾಯಕರ ಕಾಲದ ಆ ಗೋಡೆಗಳು ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರೋ ಹಸಿರು. ಅಲ್ಲಿ ಕೂತು ಚಿತ್ರ ಬರೆಯುವ ಹುಡುಗರ ಹಾಳೆಯಲ್ಲಿ ದುಃಖ ಹುಡುಕಿದರೂ ಸಿಗಲ್ಲ. ಹೆಬ್ಬಾಗಿಲು ಮಾತ್ರ ಇರುವುದಕ್ಕಿಂತ ದೊಡ್ಡದಾಗಿರುತ್ತದೆ! ಡಚ್ ಕಲಾವಿದ ರಾಯ್ಸ್‌ಡಾಲ್ 1653ರಲ್ಲಿ ಬೆಂಟ್‌ಹೈಮ್ ಕೋಟೆ ಬರೆದಾಗ ಮಾಡಿದ್ದೂ ಅದನ್ನೇ. ಸಣ್ಣ ಗುಡ್ಡವನ್ನು ಬೆಟ್ಟ ಮಾಡಿಬಿಟ್ಟ. ಭಾವ ಹುಡುಕುವವರು ಇಂಥ ಕಡೆ ಸ್ವಲ್ಪ ಹೊತ್ತು ನಿಲ್ಲಬೇಕು. ಇದ್ದದ್ದನ್ನು ಯಾಕೆ ಬದಲಾಯಿಸಿದ ಅಂತ ಕೇಳಿದರೆ ಕೋಟೆಯ ಗತ್ತು ಎಲ್ಲಿಂದ ಬಂತು ಗೊತ್ತಾಗುತ್ತದೆ.

ಇನ್ನೊಂದು ಮಾತು. ತೈಲಚಿತ್ರದ ಮೇಲಿನ ವಾರ್ನಿಶ್ ಕಾಲ ಕಳೆದಂತೆ ಹಳದಿಯಾಗುತ್ತದೆ, ನೀಲಿ ಆಕಾಶ ಹಸಿರುಗಟ್ಟುತ್ತದೆ. ಚಿತ್ರ ಮಂಕಾಗಿ ಕಂಡರೆ ಅದು ಕಲಾವಿದನ ಮನಸ್ಸೋ, ವಾರ್ನಿಶ್ಶಿನ ಕೆಲಸವೋ ವಿಚಾರಿಸಿ. ಶುಚಿ ಮಾಡಿದ ಮೇಲಿನ ಫೋಟೊ ಸಿಕ್ಕರೆ ಅದನ್ನೇ ಇಟ್ಟುಕೊಂಡು ನೋಡಿ.