ಸ್ಟ್ಯಾಂಡ್‌ಅಲೋನ್: ಅದು ಯಾರಿಂದ ಸ್ವತಂತ್ರ?

ಈ ವರ್ಷ ಮೂರನೇ ಸಲ ಅದೇ ಸಾಲು ಕಣ್ಣಿಗೆ ಬಿತ್ತು. ಬೆಳಗಾವಿ ಉದ್ಯಮಬಾಗದ ಒಂದು ಕಾರ್ಖಾನೆಯಿಂದ ಬಂದ ಎನ್‌ಕ್ವೈರಿ. ಹೈಡ್ರಾಲಿಕ್ ಸಿಲಿಂಡರ್‌ಗೆ ಪ್ರೆಷರ್ ಕೊಟ್ಟು ಲೀಕ್ ನೋಡುವ ರಿಗ್ ಬೇಕು, ಅದರ ಸಾಫ್ಟ್‌ವೇರ್ ಲ್ಯಾಬ್‌ವ್ಯೂನಲ್ಲಿ (ಚಿತ್ರಗಳ ನಡುವೆ ವೈರ್ ಎಳೆದು ಪ್ರೋಗ್ರಾಮ್ ಬರೆಯುವ ಸಾಧನ) ಇರಬೇಕು. ಅಲ್ಲಿಗೆ ಸರಿ. ಕೊನೆಗೊಂದು ಷರತ್ತು: ‘ಸಾಫ್ಟ್‌ವೇರ್ ಸ್ಟ್ಯಾಂಡ್‌ಅಲೋನ್ ಆಗಿರಬೇಕು, ಅಂದರೆ ಪಿಸಿಯಲ್ಲಿ ಬೇರೆ ಏನನ್ನೂ ಇನ್‌ಸ್ಟಾಲ್ ಮಾಡುವಂತಿರಬಾರದು.’

ಆ ‘ಅಂದರೆ’ ಇದೆಯಲ್ಲ, ತಪ್ಪು ಕೂತಿರುವುದೇ ಅಲ್ಲಿ.

ಇವರೊಬ್ಬರದೇ ತಪ್ಪಲ್ಲ. ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ‘ಸ್ಟ್ಯಾಂಡ್‌ಅಲೋನ್ ಅಪ್ಲಿಕೇಶನ್ ಸಿದ್ಧಪಡಿಸಲಾಗಿದೆ’ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಫೋಲ್ಡರ್ ತೆಗೆದರೆ ಒಳಗೆ ಬರೀ ವಿಐ ಫೈಲುಗಳು, ಅಂದರೆ ಲ್ಯಾಬ್‌ವ್ಯೂನಲ್ಲಿ ಬರೆದ ಮೂಲ ಪ್ರೋಗ್ರಾಮ್‌ಗಳು. ಬಿಲ್ಡ್ ಮಾಡಿಯೇ ಇಲ್ಲ, ಅಂದರೆ ಅವನ್ನು ಸೇರಿಸಿ ಕ್ಲಿಕ್ ಮಾಡಿದರೆ ಓಡುವ ಎಕ್ಸ್‌ಇ ಫೈಲು ಮಾಡಿಲ್ಲ. ನಮ್ಮ ಲ್ಯಾಪ್‌ಟಾಪ್ ಒಂದರಲ್ಲೇ ಓಡುತ್ತದೆ, ಆದ್ದರಿಂದ ಸ್ಟ್ಯಾಂಡ್‌ಅಲೋನ್ ಅಂತೆ! ಮಾರಾಟದವರನ್ನು ಕೇಳಿದರೆ ‘ಇಂಟರ್ನೆಟ್ ಬೇಡ ಸರ್’ ಅನ್ನುತ್ತಾರೆ. ಇದು ಪೂರ್ತಿ ತಪ್ಪಲ್ಲ. ನೆಟ್‌ವರ್ಕಿಗೆ ಸೇರದ ಕಂಪ್ಯೂಟರಿಗೆ ಹಿಂದಿನಿಂದಲೂ ಸ್ಟ್ಯಾಂಡ್‌ಅಲೋನ್ ಅನ್ನುತ್ತಾರೆ. ಆದರೆ ಲ್ಯಾಬ್‌ವ್ಯೂನವರು ಈ ಪದವನ್ನು ಆ ಅರ್ಥದಲ್ಲಿ ಬಳಸುತ್ತಿಲ್ಲ.

ಪದದ ಮೂಲ ನೋಡಿದರೆ ಗೊಂದಲ ಕಡಿಮೆಯಾಗುತ್ತದೆಯೇ ಅಂದರೆ, ಇಲ್ಲ, ಜಾಸ್ತಿಯಾಗುತ್ತದೆ. ‘ಅಲೋನ್’ ಅನ್ನುವುದು ಮಧ್ಯಕಾಲೀನ ಇಂಗ್ಲಿಷಿನಲ್ಲಿ ‘ಆಲ್’ ಮತ್ತು ‘ಒನ್’ ಸೇರಿ ಆದ ಪದ. ಪೂರಾ ಒಂದೇ, ಜೊತೆಗೆ ಯಾರೂ ಇಲ್ಲ ಅಂತ. ಯಾರಿಲ್ಲ ಅನ್ನುವುದನ್ನು ಪದ ಹೇಳುವುದಿಲ್ಲ. ಆ ಖಾಲಿ ಜಾಗವನ್ನು ಒಬ್ಬೊಬ್ಬರು ಒಂದೊಂದರಿಂದ ತುಂಬುತ್ತಾರೆ. ಕಂಪನಿಯ ಲೆಕ್ಕಪತ್ರದಲ್ಲೂ ಸ್ಟ್ಯಾಂಡ್‌ಅಲೋನ್ ಲಾಭ ಅಂತ ಬರುತ್ತದೆ. ಅಲ್ಲಿ ಅಂಗ ಕಂಪನಿಗಳನ್ನು ಸೇರಿಸಿಲ್ಲ ಅಂತ ಅರ್ಥ. ಸಾಲಗಾರರೇ ಇಲ್ಲ ಅಂತ ಯಾರೂ ಓದಿಕೊಳ್ಳುವುದಿಲ್ಲ, ಅಲ್ವಾ?

ಕನ್ನಡಕ್ಕೆ ತರುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಸ್ವತಂತ್ರ ತಂತ್ರಾಂಶ’ ಅಂತ ಬರೆದುಬಿಡುತ್ತಾರೆ. ಆ ಹೆಸರಿಗೆ ಆಗಲೇ ಬೇರೆ ವಾರಸುದಾರರಿದ್ದಾರೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ಮೇಲೆ ಬೆಳೆದ ಫ್ರೀ ಸಾಫ್ಟ್‌ವೇರ್ ಚಳವಳಿಗೆ ಕನ್ನಡದಲ್ಲಿ ಸ್ವತಂತ್ರ ತಂತ್ರಾಂಶ ಅನ್ನುತ್ತೇವೆ. ಬೇಕಾದಂತೆ ಓಡಿಸಬಹುದು, ಒಳಗೆ ಏನಿದೆ ಅಂತ ಓದಬಹುದು, ತಿದ್ದಬಹುದು, ಹಂಚಬಹುದು. ಲ್ಯಾಬ್‌ವ್ಯೂನಲ್ಲಿ ಸ್ಟ್ಯಾಂಡ್‌ಅಲೋನ್ ಮಾಡುವಾಗ ಆಗುವುದು ಇದರ ಉಲ್ಟಾ. ಬಿಲ್ಡ್ ಆಗುವಾಗ ಬ್ಲಾಕ್ ಡಯಾಗ್ರಮ್‌ಗಳನ್ನು, ಅಂದರೆ ವೈರ್ ಎಳೆದು ಬರೆದ ಪ್ರೋಗ್ರಾಮಿನ ಚಿತ್ರಗಳನ್ನು, ಕಿತ್ತುಹಾಕಲಾಗುತ್ತದೆ. ನೀವು ಎಳೆದ ಒಂದು ವೈರೂ ಗಿರಾಕಿಗೆ ಕಾಣುವುದಿಲ್ಲ. ಓದಲೇ ಆಗದ್ದನ್ನು ಸ್ವತಂತ್ರ ತಂತ್ರಾಂಶ ಅಂದರೆ ಆ ಚಳವಳಿಯವರು ಜಗಳಕ್ಕೆ ಬರಬೇಕು.

ಹಾಗಂತ ‘ಸ್ವತಂತ್ರ’ ಕೆಟ್ಟ ಪದವಲ್ಲ. ಅದರ ಹೊಟ್ಟೆಯಲ್ಲಿ ಇರುವುದನ್ನು ನೋಡಬೇಕು, ಅಷ್ಟೇ. ಸಂಸ್ಕೃತದಲ್ಲಿ ತಂತ್ರ ಅಂದರೆ ಮೊದಲು ಮಗ್ಗ, ಮಗ್ಗದ ಹಾಸು. ತನ್ ಅಂದರೆ ಎಳೆ, ಚಾಚು. ತಂತು ಅದೇ ಧಾತುವಿನದು, ನಮ್ಮ ತಂತಿಯೂ ಅದೇ ಮನೆತನದ್ದು. ತಂತಿ ಎಳೆದು ಎಳೆದೇ ಪ್ರೋಗ್ರಾಮ್ ಬರೆಯುವ ಲ್ಯಾಬ್‌ವ್ಯೂಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿ ಸಿಗಬೇಕು? ಸ್ವತಂತ್ರ ಅಂದರೆ ತನ್ನದೇ ಮಗ್ಗ ಇರುವವನು ಅಂತ ಓದಿಕೊಳ್ಳಿ. ನಮ್ಮ ವಡಗಾವಿ, ಖಾಸಬಾಗ ಓಣಿಗಳಲ್ಲಿ ಸ್ವಂತ ಮಗ್ಗ ಇದ್ದವರೂ ಇದ್ದಾರೆ, ಇನ್ನೊಬ್ಬರ ಮಗ್ಗದಲ್ಲಿ ಮಜೂರಿಗೆ ನೇಯುವವರೂ ಇದ್ದಾರೆ. ಸ್ವಂತ ಮಗ್ಗದವನು ಮಾಲೀಕನ ಮುಂದೆ ನಿಲ್ಲಬೇಕಿಲ್ಲ. ಆದರೆ ನೂಲು ಅವನ ಅಂಗಳದಲ್ಲಿ ಬೆಳೆಯುವುದಿಲ್ಲ, ಕರೆಂಟು ಅವನ ಮನೆಯಲ್ಲಿ ಹುಟ್ಟುವುದಿಲ್ಲ. ಕರೆಂಟು ಹೋದಾಗ ‘ಏನಪ್ಪಾ, ಸ್ವಂತ ಮಗ್ಗ ಅಂದಿದ್ದೆ, ಯಾಕೆ ನಿಂತಿತು?’ ಅಂತ ಯಾರೂ ಕೇಳುವುದಿಲ್ಲ.

ನನ್ನನ್ನು ಮಾತ್ರ ಕೇಳುತ್ತಾರೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಫೋನು ಬಂತು.

“ಸರ್, ನೀವು ಕೊಟ್ಟಿದ್ದು ಓಪನ್ ಆಗವಲ್ದ್ರಿ.”

“ಹೊಸ ಪಿಸಿ ಏನ್ರಿ?”

“ಹೌದ್ರಿ. ಹಳೇದು ಸುಟ್ಟ ಹೋತು. ಎಕ್ಸ್‌ಇ ಪೆನ್‌ಡ್ರೈವ್‌ದಾಗ ಇತ್ತು, ಕಾಪಿ ಹೊಡದೇವಿ.”

“ಬರೀ ಎಕ್ಸ್‌ಇ? ಇನ್‌ಸ್ಟಾಲರ್ ಕೊಟ್ಟಿದ್ದೆನಲ್ರಿ?”

“ಸ್ಟ್ಯಾಂಡ್‌ಅಲೋನ್ ಅಂದಿದ್ರೆಲ್ಲ್ರಿ ನೀವು!”

ಅಂದಿದ್ದೆ. ತಪ್ಪು ನನ್ನದೂ ಹೌದು.

ಅಲ್ಲಿ ಹೋಗಿ ನೋಡಿದರೆ ಪರದೆಯ ಮೇಲೆ, ಎಕ್ಸ್‌ಇಯನ್ನು ಓಡಿಸುವ ಲ್ಯಾಬ್‌ವ್ಯೂ ರನ್‌ಟೈಮ್ ಇಂಜಿನ್ ಸಿಗುತ್ತಿಲ್ಲ ಅನ್ನುವ ಸಂದೇಶ. ಇದೇ ಮೊದಲ ನೂಲು. ಲ್ಯಾಬ್‌ವ್ಯೂನ ಎಕ್ಸ್‌ಇ ಸ್ವತಂತ್ರವಾಗುವುದು ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕಾದ ಆ ದೊಡ್ಡ ಅಭಿವೃದ್ಧಿ ಪರಿಸರದಿಂದ ಮಾತ್ರ. ರನ್‌ಟೈಮ್ ಇಂಜಿನ್ ಬೇಕೇ ಬೇಕು. ಅದು ಪುಕ್ಕಟೆ ಸಿಗುತ್ತದೆ, ಆದರೆ ಯಾವುದೋ ಒಂದು ಹಾಕಿದರೆ ನಡೆಯುವುದಿಲ್ಲ. 32 ಬಿಟ್‌ನಲ್ಲಿ ಕಟ್ಟಿದ್ದಕ್ಕೆ 32 ಬಿಟ್‌ನದೇ ಬೇಕು. ವಿಂಡೋಸ್ 64 ಬಿಟ್ ಇದೆ ಅಂತ 64ರದ್ದು ಹಾಕಿ ಕೂತರೆ ಅದೇ ಸಂದೇಶ ಮತ್ತೆ ಬರುತ್ತದೆ. ಆವೃತ್ತಿಯೂ ಹೊಂದಬೇಕು. 2017ರ ಆವೃತ್ತಿಯಿಂದ ಈಚೆಗೆ, ಮುಂದಿನ ವರ್ಷಗಳ ರನ್‌ಟೈಮ್‌ನಲ್ಲೂ ಓಡಲಿ ಅನ್ನುವ ಆಯ್ಕೆ ಬಿಲ್ಡ್ ಮಾಡುವಾಗಲೇ ಸಿಗುತ್ತದೆ. ಅದಕ್ಕಿಂತ ಹಳೆಯದಾದರೆ ಆ ವರ್ಷದ್ದೇ ಹುಡುಕಬೇಕು.

ರನ್‌ಟೈಮ್ ಹಾಕಿದೆ. ತೆರೆಯಿತು. ಎಲ್ಲರ ಮುಖದಲ್ಲೂ ನಗು. ಆದರೆ ಪ್ರೆಷರ್ ರೀಡಿಂಗ್ ಬರಲಿಲ್ಲ. ಪ್ರೆಷರ್ ತೋರಿಸುವ ಇಂಡಿಕೇಟರ್ ಮಾತಾಡುವುದು ಸೀರಿಯಲ್ ಪೋರ್ಟಿನಲ್ಲಿ, ಅದಕ್ಕೆ ವೀಸಾ ಡ್ರೈವರ್ ಬೇಕು. ‘ವೀಸಾ ಇಲ್ಲ’ ಅಂದೆ. ಸ್ಟೋರ್ಸ್‌ನ ಹುಡುಗ ಗಾಬರಿಯಿಂದ ನೋಡಿದ. ವರ್ಚುವಲ್ ಇನ್‌ಸ್ಟ್ರುಮೆಂಟ್ ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಅಂತ ಬಿಡಿಸಿ ಹೇಳಬೇಕಾಯಿತು. ಅದನ್ನೂ ಹಾಕಿದ ಮೇಲೆ ಇನ್ನೊಂದು. ಹಳೇ ಪಿಸಿಯಲ್ಲಿ ಯುಎಸ್‌ಬಿ ಕನ್ವರ್ಟರ್‌ಗೆ ಕಾಮ್ 3 ಅಂತ ನಂಬರ್ ಬಿದ್ದಿತ್ತು, ಹೊಸದರಲ್ಲಿ ಕಾಮ್ 7. ನಾನು ಮೂರನ್ನು ಡಯಾಗ್ರಮ್‌ನಲ್ಲೇ ಕಾನ್‌ಸ್ಟಂಟ್ ಆಗಿ ಬರೆದುಬಿಟ್ಟಿದ್ದೆ. ಎಕ್ಸ್‌ಇ ಒಳಗೆ ಡಯಾಗ್ರಮ್ ಇಲ್ಲ, ತಿದ್ದುವುದು ಹೇಗೆ? ಡಿವೈಸ್ ಮ್ಯಾನೇಜರ್‌ಗೆ ಹೋಗಿ ಪೋರ್ಟಿನ ನಂಬರನ್ನೇ ಮೂರು ಮಾಡಿ ಬಂದೆ. ಊಟ ಮನೆಯಲ್ಲಿ ಆರಿ ಹೋಗಿತ್ತು.

ಈಗ ‘ಬಿಲ್ಡ್’ಗೆ ಬರೋಣ, ಏಕೆಂದರೆ ಈ ಗೊಂದಲದ ತಮ್ಮ ಅದು. ಸಿ ಭಾಷೆಯಿಂದ ಬಂದವರು ಬಿಲ್ಡ್ ಅಂದರೆ ಕಂಪೈಲ್ (ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು) ಅಂದುಕೊಳ್ಳುತ್ತಾರೆ. ಲ್ಯಾಬ್‌ವ್ಯೂನಲ್ಲಿ ಕಂಪೈಲ್ ನೀವು ವೈರ್ ಎಳೆಯುತ್ತಿರುವಾಗಲೇ ಹಿಂದುಗಡೆ ನಡೆಯುತ್ತಿರುತ್ತದೆ. ಅದಕ್ಕೇ ವೈರ್ ತಪ್ಪಿದ ಕ್ಷಣದಲ್ಲಿ ರನ್ ಬಾಣ ಮುರಿದು ಕಾಣುವುದು. ಬಿಲ್ಡ್ ಅನ್ನುವುದು ಗಂಟು ಕಟ್ಟುವ ಕೆಲಸ. ಕನ್ನಡದ ‘ಕಟ್ಟು’ ಇಲ್ಲಿ ಇಂಗ್ಲಿಷಿಗಿಂತ ಚೆನ್ನಾಗಿದೆ. ಮನೆಯನ್ನೂ ಕಟ್ಟುತ್ತೇವೆ, ಬುತ್ತಿಯನ್ನೂ ಕಟ್ಟುತ್ತೇವೆ. ಅಪ್ಲಿಕೇಶನ್ ಬಿಲ್ಡರ್ ಮಾಡುವುದು ಬುತ್ತಿ ಕಟ್ಟುವುದನ್ನು. ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಎಲ್ಲ ಒಂದು ಬಟ್ಟೆಯಲ್ಲಿ. ನೀರು ಹೋದ ಕಡೆ ಸಿಗಬೇಕು.

ಬುತ್ತಿಯಲ್ಲಿ ಏನು ಇಡಬೇಕು ಅನ್ನುವುದು ಬಿಲ್ಡರ್‌ಗೆ ಹೇಗೆ ತಿಳಿಯುತ್ತದೆ? ಸ್ಟಾರ್ಟಪ್ ವಿಐ ಯಾವುದು ಅಂತ ನೀವು ಹೇಳುತ್ತೀರಿ, ಅದರಿಂದ ಕರೆಯಲ್ಪಡುವ ಸಬ್‌ವಿಐಗಳನ್ನು ಅದೇ ಹುಡುಕಿ ಎತ್ತಿಕೊಳ್ಳುತ್ತದೆ. ಆದರೆ ಓಪನ್ ವಿಐ ರೆಫರೆನ್ಸ್‌ಗೆ ಪಾತ್ (ಫೈಲಿರುವ ವಿಳಾಸ) ಕೊಟ್ಟು ಓಡುವಾಗ ಕರೆಯುವ ವಿಐ ಅದರ ಕಣ್ಣಿಗೆ ಬೀಳುವುದಿಲ್ಲ. ಆಲ್ವೇಸ್ ಇನ್‌ಕ್ಲೂಡೆಡ್ ಪಟ್ಟಿಗೆ ಕೈಯಾರೆ ಹಾಕಬೇಕು. ಇದನ್ನು ಮರೆತು ‘ಎಕ್ಸ್‌ಇ ಹಾಳಾಗಿದೆ’ ಅನ್ನುವವರಿಗೆ ನಾನು ಹೇಳುವುದಿಷ್ಟೇ: ಹಿಂಡಿ ಅಡಿಗೆಮನೆಯಲ್ಲೇ ಉಳಿದಿದೆ.

‘ನನ್ನ ಮಷಿನ್‌ನಲ್ಲಿ ಓಡುತ್ತದೆ, ಎಕ್ಸ್‌ಇ ಮಾಡಿದರೆ ಓಡುವುದಿಲ್ಲ’ ಅನ್ನುವ ದೂರುಗಳಲ್ಲಿ ನಾನು ಜಾಸ್ತಿ ಕಂಡಿರುವುದು ಪಾತ್‌ನ ತಪ್ಪು. ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ರಿಗ್‌ನ ಸೆಟ್ಟಿಂಗ್ ಫೈಲು ಮೇನ್ ವಿಐ ಪಕ್ಕದಲ್ಲೇ ಇದೆ. ಹುಡುಗ ಕರೆಂಟ್ ವಿಐಸ್ ಪಾತ್ ತೆಗೆದುಕೊಂಡ, ಸ್ಟ್ರಿಪ್ ಪಾತ್ ಹಾಕಿ ಕೊನೆಯ ಹೆಸರು ಕತ್ತರಿಸಿದ, ಫೋಲ್ಡರ್ ಸಿಕ್ಕಿತು, ಅದಕ್ಕೆ ಫೈಲಿನ ಹೆಸರು ಸೇರಿಸಿದ. ಡಿ ಡ್ರೈವ್, ರಿಗ್ ಫೋಲ್ಡರ್, ಮೇನ್ ವಿಐ. ಒಂದು ಸಲ ಕತ್ತರಿಸಿದರೆ ರಿಗ್ ಫೋಲ್ಡರ್. ಸರಿಯಾಗಿಯೇ ಇದೆ. ಬಿಲ್ಡ್ ಮಾಡಿದ ಮೇಲೆ ಮೇನ್ ವಿಐ ಎಕ್ಸ್‌ಇಯ ಹೊಟ್ಟೆಯೊಳಗೆ ಹೋಗುತ್ತದೆ. ಈಗ ಪಾತ್ ಏನು? ಡಿ ಡ್ರೈವ್, ರಿಗ್ ಫೋಲ್ಡರ್, ರಿಗ್ ಎಕ್ಸ್‌ಇ, ಅದರೊಳಗೆ ಮೇನ್ ವಿಐ. ಎಕ್ಸ್‌ಇಯೇ ಒಂದು ಫೋಲ್ಡರ್ ಇದ್ದಂತೆ! ಒಂದು ಸಲ ಕತ್ತರಿಸಿದರೆ ಎಕ್ಸ್‌ಇ ಮೇಲೆ ನಿಲ್ಲುತ್ತದೆ, ಅದರೊಳಗೆ ಸೆಟ್ಟಿಂಗ್ ಫೈಲು ಹುಡುಕುತ್ತದೆ. ಸಿಗುವುದು ಎರರ್ 7, ಫೈಲ್ ಇಲ್ಲ. ಹುಡುಗ ರಿಗ್ ಫೋಲ್ಡರ್ ತೆರೆದು ಫೈಲಿನ ಮೇಲೆ ಬೆರಳಿಟ್ಟು ‘ಇಲ್ಲೇ ಐತಲ್ರಿ ಸರ್’ ಅನ್ನುತ್ತಿದ್ದ. ಎರಡು ಸಲ ಕತ್ತರಿಸಿ ಎಕ್ಸ್‌ಇ ರಿಪೇರಿ ಮಾಡಿದರೆ ಇತ್ತ ಸೋರ್ಸ್ ಓಡುವುದಿಲ್ಲ. ಅಪ್ಲಿಕೇಶನ್ ಡೈರೆಕ್ಟರಿ ಅನ್ನುವ ಸಣ್ಣ ವಿಐ ಇರುವುದು ಇದಕ್ಕೇ. ಪ್ರಾಜೆಕ್ಟ್‌ನಲ್ಲಿ ಓಡಿಸಿದಾಗ ಪ್ರಾಜೆಕ್ಟ್ ಫೈಲಿರುವ ಫೋಲ್ಡರ್ ಕೊಡುತ್ತದೆ, ಎಕ್ಸ್‌ಇಯಲ್ಲಿ ಎಕ್ಸ್‌ಇ ಇರುವ ಫೋಲ್ಡರ್.

ಆದರೆ ರಿಪೋರ್ಟ್‌ಗಳನ್ನೂ ಅಲ್ಲೇ ಬರೆಯಬೇಡಿ. ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೆಯಲು ಸಾಮಾನ್ಯ ಬಳಕೆದಾರನಿಗೆ ವಿಂಡೋಸ್ ಬಿಡುವುದಿಲ್ಲ. ಎರರ್ 8 ಬಂದರೆ ಅದೇ.

ಇನ್ನೊಂದು ಸ್ವಲ್ಪ ಕಳ್ಳ ಜಾತಿಯದು. ಪ್ರೋಗ್ರಾಮ್ ಬರೆಯುವಾಗ ವಿಐ ಮೆಮರಿಯಲ್ಲಿ ತೆರೆದೇ ಇರುತ್ತದೆ. ಫ್ರಂಟ್ ಪ್ಯಾನೆಲ್‌ನಲ್ಲಿ, ಅಂದರೆ ಬಳಸುವವನಿಗೆ ಕಾಣುವ ಪರದೆಯಲ್ಲಿ, ಬೆಳಗ್ಗೆ ಹಾಕಿದ ಕ್ಯಾಲಿಬ್ರೇಶನ್ ಸಂಖ್ಯೆ ಸಂಜೆಗೂ ಅಲ್ಲೇ ಇರುತ್ತದೆ. ಲೂಪಿನ ಒಂದು ಸುತ್ತಿನ ಬೆಲೆಯನ್ನು ಮುಂದಿನ ಸುತ್ತಿಗೆ ದಾಟಿಸುವ ಶಿಫ್ಟ್ ರಿಜಿಸ್ಟರ್‌ಗೆ ಮೊದಲ ಬೆಲೆ ಕೊಡದಿದ್ದರೆ ಅದು ಹಿಂದಿನ ಓಟದ ಬೆಲೆಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಹತ್ತು ಸಲ ಓಡಿಸಿ ನೋಡಿದ್ದೇನೆ ಅನ್ನುತ್ತೀರಿ. ಹತ್ತನೆಯದು ಓಡಿದ್ದು ಒಂಬತ್ತನೆಯದರ ಎಂಜಲಿನ ಮೇಲೆ. ಎಕ್ಸ್‌ಇ ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತದೆ. ಆಪರೇಟರ್ ಮುಚ್ಚಿ ತೆರೆದರೆ ಹಾಕಿದ ಸಂಖ್ಯೆ ಹೋಗಿ ಡಿಫಾಲ್ಟ್ ಬಂದು ಕೂರುತ್ತದೆ. ಪ್ರೆಷರ್ ತಪ್ಪು ತೋರಿಸುತ್ತದೆ, ಸೆನ್ಸರ್‌ಗೆ ಬೈಗುಳ ಬೀಳುತ್ತದೆ. ಸೆನ್ಸರ್ ಬದಲಾಯಿಸಿದವರನ್ನೂ ನೋಡಿದ್ದೇನೆ. ಬೆಲೆ ಉಳಿಯಬೇಕಾದರೆ ಫೈಲಿಗೆ ಬರೆಯಿರಿ, ಶುರುವಾಗುವಾಗ ಓದಿ. ಗಿರಾಕಿಗೆ ಕೊಡುವ ಮೊದಲು ಲ್ಯಾಬ್‌ವ್ಯೂ ಪೂರ್ತಿ ಮುಚ್ಚಿ, ಮತ್ತೆ ತೆರೆದು, ಒಂದೇ ಒಂದು ಸಲ ಓಡಿಸಿ. ಆ ಮೊದಲ ಓಟವೇ ನಿಜವಾದ ಪರೀಕ್ಷೆ.

ಎಕ್ಸ್‌ಇಯೊಳಗಿನ ತಪ್ಪು ಹಿಡಿಯುವುದು ಹೇಗೆ? ಡಯಾಗ್ರಮ್ ಇಲ್ಲದ ಮೇಲೆ ವೈರಿನಲ್ಲಿ ಡೇಟಾ ಹರಿಯುವುದನ್ನು ತೋರಿಸುವ ಬಲ್ಬ್ ಹಚ್ಚಲು, ವೈರಿನ ಬೆಲೆ ನೋಡುವ ಪ್ರೋಬ್ ಇಡಲು ಜಾಗವೇ ಇಲ್ಲ. ಬಲ್ಬ್ ಅಂದೆ, ಅದರ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಹಚ್ಚಿದರೆ ಎಲ್ಲ ನಿಧಾನವಾಗಿ ಓಡುತ್ತದೆ, ಎರಡು ಲೂಪ್‌ಗಳ ನಡುವಿನ ಜಗಳ ಅಷ್ಟರಲ್ಲಿ ತಾನೇ ತಣ್ಣಗಾಗಿ ತಪ್ಪು ಮಾಯವಾಗುತ್ತದೆ. ಬಿಲ್ಡ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ಎನೇಬಲ್ ಡೀಬಗ್ಗಿಂಗ್ ಅಂತ ಒಂದು ಟಿಕ್ ಇದೆ. ಅದನ್ನು ಹಾಕಿ ಕಟ್ಟಿದರೆ ಓಡುತ್ತಿರುವ ಎಕ್ಸ್‌ಇಯೊಳಗೆ ಲ್ಯಾಬ್‌ವ್ಯೂನಿಂದ ಇಣುಕಿ ನೋಡಬಹುದು. ಗಮನಿಸಿ: ಸ್ಟ್ಯಾಂಡ್‌ಅಲೋನ್ ಆದದ್ದನ್ನು ರಿಪೇರಿ ಮಾಡಲು ಲ್ಯಾಬ್‌ವ್ಯೂವೇ ಬೇಕು. ನಾನಂತೂ ಪ್ರತಿ ಕಡೆಯ ಎರರ್ ಕ್ಲಸ್ಟರನ್ನು (ತಪ್ಪಿನ ನಂಬರು, ವಿವರ) ಸಮಯದ ಜೊತೆ ಒಂದು ಟೆಕ್ಸ್ಟ್ ಫೈಲಿಗೆ ಬರೆಸುತ್ತೇನೆ. ಗಿರಾಕಿ ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಮುಕ್ಕಾಲು ಸಲ ಮನೆಯಿಂದಲೇ ಕೆಲಸ ಮುಗಿಯುತ್ತದೆ.

ಎನ್‌ಕ್ವೈರಿಗೆ ಉತ್ತರ ಬರೆಯುವಾಗ ಸ್ಟ್ಯಾಂಡ್‌ಅಲೋನ್ ಪದವನ್ನೇ ಬಿಟ್ಟೆ. ಕೊಟೇಶನ್‌ನಲ್ಲಿ ಹೀಗೆ ಬರೆದೆ: ‘ನಿಮ್ಮ ಪಿಸಿಗೆ ಲ್ಯಾಬ್‌ವ್ಯೂ ಲೈಸೆನ್ಸ್ ಬೇಕಿಲ್ಲ. ರನ್‌ಟೈಮ್ ಇಂಜಿನ್ ಮತ್ತು ವೀಸಾ ಡ್ರೈವರ್ ನಮ್ಮ ಇನ್‌ಸ್ಟಾಲರ್‌ನಲ್ಲೇ ಇರುತ್ತವೆ, ಸೆಟಪ್ ಒಂದೇ ಸಲ ಓಡಿಸಬೇಕು. ಪಿಸಿ ಬದಲಾದರೆ ಎಕ್ಸ್‌ಇ ಮಾತ್ರ ಕಾಪಿ ಮಾಡಬೇಡಿ, ಸೆಟಪ್ ಮತ್ತೆ ಓಡಿಸಿ. ಪೋರ್ಟ್ ನಂಬರನ್ನು ಸೆಟ್ಟಿಂಗ್ ಪರದೆಯಲ್ಲಿ ಬದಲಾಯಿಸಬಹುದು.’

ಮೊನ್ನೆ ಪರ್ಚೇಸ್ ಆರ್ಡರ್ ಬಂತು. ನನ್ನ ನಾಲ್ಕು ಸಾಲನ್ನೂ ಹೊಡೆದುಹಾಕಿ, ಪಕ್ಕದಲ್ಲಿ ಪೆನ್ನಿನಲ್ಲಿ ಒಂದೇ ಪದ ಬರೆದಿದ್ದಾರೆ: ಸ್ಟ್ಯಾಂಡ್‌ಅಲೋನ್.