ಉಬ್ಬಿದ ಹೊಟ್ಟೆ, ಬತ್ತಿದ ಕೆನ್ನೆ: ಎಚ್‌ಐವಿ ಮತ್ತು ಹಾರ್ಮೋನ್ ಇಂಜೆಕ್ಷನ್

ಎಚ್‌ಐವಿ ಇದ್ದವರು ಸೊರಗಿ ಸಾಯುತ್ತಿದ್ದ ಕಾಲವೊಂದಿತ್ತು. 1996ರ ಹೊತ್ತಿಗೆ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು, ಜನ ಬದುಕಿಕೊಂಡರು. ಒಂದೆರಡು ವರ್ಷದಲ್ಲೇ ಹೊಸ ದೂರು ಶುರುವಾಯಿತು. ಹೊಟ್ಟೆ ಗಟ್ಟಿಯಾಗಿ ಮುಂದೆ ಬಂದಿದೆ, ಕತ್ತಿನ ಹಿಂದೆ ಕೊಬ್ಬಿನ ಗಡ್ಡೆ. ಕೈಕಾಲು ಮಾತ್ರ ಕಡ್ಡಿ, ಕೆನ್ನೆ ಗುಳಿ ಬಿದ್ದಿದೆ. ಇದಕ್ಕೆ ಲಿಪೋಡಿಸ್ಟ್ರೋಫಿ ಎಂದು ಹೆಸರಾಯಿತು.

ಜೀವ ಉಳಿಯಿತಲ್ಲ, ಅಂದ ಯಾಕೆ ಅನ್ನುವವರಿದ್ದರು. ಆದರೆ ಇದು ಬರೀ ಅಂದದ ಮಾತಲ್ಲ. ಕರುಳಿನ ಸುತ್ತ ಸೇರುವ ಕೊಬ್ಬಿನಿಂದ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬರಬಹುದು. ಗುಟ್ಟಾಗಿ ಮಾತ್ರೆ ನುಂಗುವವರ ಕಾಯಿಲೆಯನ್ನು ಮುಖವೇ ಹೇಳಿಬಿಟ್ಟರೆ ಹೇಗಾಗಬೇಡ?

ಆ ಹೊಟ್ಟೆ ಇಳಿಸಲು ಮೊದಲು, ಕೊಬ್ಬು ಕರಗಿಸುವ ಬೆಳವಣಿಗೆ ಹಾರ್ಮೋನನ್ನೇ ಜಾಸ್ತಿ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಹೊಟ್ಟೆ ಇಳಿಯಿತು. ಆದರೆ ರಕ್ತದಲ್ಲಿ ಸಕ್ಕರೆ ಏರಿತು, ಕೀಲು ನೋವು, ಊತವೂ ಬಂತು. ಹಾಗಾಗಿ ಬೇರೆ ದಾರಿ ಹುಡುಕಿದರು: ಹಾರ್ಮೋನ್ ಕೊಡುವುದು ಬೇಡ, ಅದನ್ನು ಬಿಡುಗಡೆ ಮಾಡು ಎಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೇ ಹೇಳೋಣ. ಕೆನಡಾದ ಥೆರಾಟೆಕ್ನಾಲಜೀಸ್ ಕಂಪನಿಯ ಟೆಸಮೊರೆಲಿನ್ ಎಂಬ ಇಂಜೆಕ್ಷನ್ ಮಾಡುವುದು ಇದನ್ನೇ. 2007ರಲ್ಲಿ ಪ್ರಕಟವಾದ 412 ಜನರ ಪ್ರಯೋಗದಲ್ಲಿ, 26 ವಾರಕ್ಕೆ ಒಳಹೊಟ್ಟೆಯ ಕೊಬ್ಬು ಸುಮಾರು ಶೇ 15ರಷ್ಟು ಇಳಿದಿತ್ತು. ಹೋಲಿಕೆಗೆಂದು ಔಷಧಿಯೇ ಇಲ್ಲದ ಇಂಜೆಕ್ಷನ್ ಪಡೆದವರಲ್ಲಿ ಶೇ 5ರಷ್ಟು ಏರಿತ್ತು. 2010ರ ನವೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಪುಡಿಗೆ ನೀರು ಬೆರೆಸಿ, ಸೀಸೆಯನ್ನು ಕುಲುಕದೆ ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿ, ಹೊಟ್ಟೆಯ ಚರ್ಮದಡಿ ದಿನಾ ಚುಚ್ಚಿಕೊಳ್ಳಬೇಕು. ನಿನ್ನೆ ಚುಚ್ಚಿದ ಜಾಗ ಇವತ್ತು ಬೇಡ. ನಿಲ್ಲಿಸಿದರೆ ಕೊಬ್ಬು ಮತ್ತೆ ಸೇರುತ್ತದೆ. ಇಷ್ಟೆಲ್ಲ ಮಾಡಿದರೂ ಬತ್ತಿದ ಕೆನ್ನೆ ತುಂಬುವುದಿಲ್ಲ. ಹೊಟ್ಟೆಯಲ್ಲಿ ಕೊಬ್ಬು ಸೇರುವುದು ಬೇರೆ, ಮುಖದ ಕೊಬ್ಬು ಕರಗುವುದು ಬೇರೆಯೇ ತೊಂದರೆ, ಅಲ್ಲೇ ಎಲ್ಲರಿಗೂ ಗೊಂದಲ.

ನಮ್ಮಲ್ಲಿ ಕಾಡಿದ್ದು ಹೆಚ್ಚಾಗಿ ಆ ಕೆನ್ನೆಯೇ. 2001ರಲ್ಲಿ ಭಾರತದ ಔಷಧಿ ಕಂಪನಿ ಸಿಪ್ಲಾ ಮೂರು ಔಷಧಿಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡಲು ಮುಂದೆ ಬಂತು. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯ ಮತ್ತು ದೆಹಲಿಯಲ್ಲಿ ಸರ್ಕಾರ ಉಚಿತ ಚಿಕಿತ್ಸೆ ಶುರುಮಾಡಿತು. ಆ ಅಗ್ಗದ ಮೂರು ಔಷಧಿಗಳಲ್ಲಿ ಸ್ಟಾವುಡಿನ್ ಎಂಬುದೊಂದಿತ್ತು. ಎಷ್ಟೋ ಮನೆಗಳ ದೀಪ ಉಳಿಸಿದ ಮಾತ್ರೆ ಅದು, ಮುಖದ ಕೊಬ್ಬು ಕರಗಿಸಿದ್ದೂ ಅದೇ. ಹಂತಹಂತವಾಗಿ ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2009ರಲ್ಲಿ. ಶ್ರೀಮಂತ ದೇಶಗಳು ಅಷ್ಟರಲ್ಲಾಗಲೇ ಬೇರೆ ಮಾತ್ರೆಗೆ ಹೋಗಿದ್ದವು.

ಈಗ ಎಆರ್‌ಟಿ ಕೇಂದ್ರಗಳಲ್ಲಿ, ಅಂದರೆ ಸರ್ಕಾರದ ಎಚ್‌ಐವಿ ಚಿಕಿತ್ಸಾ ಕೇಂದ್ರಗಳಲ್ಲಿ, ಡೊಲುಟೆಗ್ರಾವಿರ್ ಎಂಬ ಬೇರೆ ಔಷಧಿ ಇರುವ ಮಾತ್ರೆ ಕೊಡುತ್ತಾರೆ, ಹೊಸಬರಿಗೆ ಕೆನ್ನೆ ಬತ್ತುವ ಭಯವಿಲ್ಲ. ವರ್ಷಗಟ್ಟಲೆ ಸ್ಟಾವುಡಿನ್ ನುಂಗಿದವರಿಗೆ ಮಾತ್ರ ಹೋದ ಕೊಬ್ಬು ಬಲು ನಿಧಾನವಾಗಿ ಮರಳುತ್ತದೆ, ಅದೂ ಪೂರ್ತಿಯಾಗಿ ಅಲ್ಲ.